ಒಂದು ಮೊಬೈಲ್, ಒಂದು ಟಿವಿ: ವಿಜ್ಞಾನದ ತರಗತಿಗೆ ಡಿಜಿಟಲ್ ಸಾಧನ ತರುವ ಬಗೆ

ನಲವತ್ತು ನಿಮಿಷದ ಪೀರಿಯಡ್ಡು. ಹಾಜರಿಗೆ ಐದು ನಿಮಿಷ ಹೋಯಿತು. ಪ್ರೊಜೆಕ್ಟರಿನ ಕೇಬಲ್ ಹುಡುಕುವುದಕ್ಕೆ ಇನ್ನೊಂದಿಷ್ಟು. ಉಳಿದ ಹೊತ್ತಿನಲ್ಲಿ ಯೂಟ್ಯೂಬಿನ ಒಂದು ವಿಡಿಯೋ ಹಾಕಿ ಪಾಠ ಮುಗಿಸೋಣ ಅನ್ನಿಸುವುದು ಸಹಜ. ಮಕ್ಕಳೂ ಗಲಾಟೆ ಮಾಡದೆ ನೋಡುತ್ತಾರೆ. ಮರುದಿನ ಕೇಳಿ ನೋಡಿ, ವಿಡಿಯೋದ ಸಂಗೀತ ನೆನಪಿರುತ್ತದೆ, ಓಮ್‌ನ ನಿಯಮ ಮರೆತುಹೋಗಿರುತ್ತದೆ.

ಈ ಲೇಖನ ಎಂಟರಿಂದ ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುವವರಿಗೆ. ನಿಮ್ಮ ಹತ್ತಿರ ಒಂದು ಆಂಡ್ರಾಯ್ಡ್ ಮೊಬೈಲ್ ಇದೆ, ಶಾಲೆಯಲ್ಲಿ ಒಂದು ಟಿವಿಯೋ ಪ್ರೊಜೆಕ್ಟರೋ ಇದೆ, ಇಂಟರ್ನೆಟ್ ಬಂದರೆ ಬಂತು ಹೋದರೆ ಹೋಯಿತು ಅನ್ನುವ ಸ್ಥಿತಿ. ಅಷ್ಟಿದ್ದರೆ ಸಾಕು. ಇಲ್ಲಿ ಹೇಳಿರುವುದೆಲ್ಲ ದುಡ್ಡು ಕೊಡದೆ ಸಿಗುವಂಥದ್ದೇ. ನೂರು ಆ್ಯಪ್‌ಗಳ ಪಟ್ಟಿ ಕೊಡುವ ಉದ್ದೇಶ ನನಗಿಲ್ಲ. ಅಂಥ ಪಟ್ಟಿಗಳನ್ನು ಯಾರೂ ಎರಡನೇ ಸಲ ತೆರೆದು ನೋಡುವುದಿಲ್ಲ. ನಾಲ್ಕೈದು ಸಾಧನಗಳನ್ನು ಸರಿಯಾಗಿ ಬಳಸುವುದು ಹೇಗೆ ಅಂತ ನೋಡೋಣ.

ಮೊದಲು ಪಾಠ ನೋಡಿ, ಆಮೇಲೆ ಆ್ಯಪ್

ಪಾಠಯೋಜನೆ ಬರೆಯುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಪಾಠದಲ್ಲಿ ಮಕ್ಕಳು ಕಣ್ಣಾರೆ ನೋಡಲಾಗದ, ಕೈಯಾರೆ ಮಾಡಲಾಗದ ಭಾಗ ಯಾವುದು? ಪರಮಾಣು ತೀರಾ ಚಿಕ್ಕದು. ಶಬ್ದದ ಓಟ ತೀರಾ ಜೋರು. ಬೀಜ ಮೊಳೆಯುವುದು ತೀರಾ ನಿಧಾನ. ಗ್ರಹಗಳು ದೂರ, ಬ್ಯಾಟರಿಯ ಆಮ್ಲ ಅಪಾಯ, ತಂತಿಯೊಳಗಿನ ಎಲೆಕ್ಟ್ರಾನ್ ಕಾಣುವುದೇ ಇಲ್ಲ. ಇಂಥ ಕಡೆ ಪರದೆ ಬೇಕು.

ಬೇಡವಾದ ಕಡೆಯೂ ಇದೆ. ಅರಿಶಿನ ಹಚ್ಚಿದ ಕಾಗದಕ್ಕೆ ಸೋಪಿನ ನೀರು ತಾಗಿಸಿದರೆ ಕೆಂಪಾಗುತ್ತದೆ. ಇದನ್ನು ವಿಡಿಯೋದಲ್ಲಿ ತೋರಿಸುವುದು ದಂಡ. ಕಾಗದ, ಅರಿಶಿನ, ಸೋಪು ಮೂರೂ ಹಳ್ಳಿಯ ಶಾಲೆಯಲ್ಲೂ ಸಿಗುತ್ತವೆ. ಆದರೆ ಆಮ್ಲಕ್ಕೆ ಹತ್ತು ಪಟ್ಟು ನೀರು ಬೆರೆಸಿದರೆ ಪಿಎಚ್ ಎಷ್ಟು ಬದಲಾಗುತ್ತದೆ ಅನ್ನುವುದು ಅರಿಶಿನದ ಕಾಗದದಲ್ಲಿ ಗೊತ್ತಾಗುವುದಿಲ್ಲ. ಅಲ್ಲಿ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗ, ಕೆಲಸಕ್ಕೆ ಬರುತ್ತದೆ.

ಕೈಯಲ್ಲಿ ಏನಿದೆ ಎಂದು ಒಮ್ಮೆ ಪರೀಕ್ಷಿಸಿ

ತರಗತಿಗೆ ಹೋಗುವ ಹಿಂದಿನ ದಿನ, ಮಕ್ಕಳಿಲ್ಲದ ಹೊತ್ತಿನಲ್ಲಿ, ಎಲ್ಲವನ್ನೂ ಒಮ್ಮೆ ಜೋಡಿಸಿ ನೋಡಿ. ಲ್ಯಾಪ್‌ಟಾಪಿನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಹೋಗುತ್ತದೆಯೇ? ಕೇಬಲ್ ಮೇಜಿನಿಂದ ಗೋಡೆಯವರೆಗೆ ಮುಟ್ಟುವಷ್ಟು ಉದ್ದ ಇದೆಯೇ? ಹಿಂದಿನ ಬೆಂಚಿಗೆ ಅಕ್ಷರ ಕಾಣುತ್ತದೆಯೇ? ಕೊನೆಯ ಬೆಂಚಿನಲ್ಲಿ ಕೂತು ನೀವೇ ನೋಡಬೇಕು, ಬೇರೆ ದಾರಿ ಇಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರ ಪರದೆ ಮೇಲೆ ಬೀಳುವ ಕೋಣೆಗಳಲ್ಲಿ ಪ್ರೊಜೆಕ್ಟರ್ ಕೆಲಸವನ್ನು ಬೆಳಗಿನ ಪೀರಿಯಡ್ಡಿಗೆ ಬದಲಾಯಿಸಿಕೊಳ್ಳುವುದೇ ಒಳ್ಳೆಯದು.

ಮೊಬೈಲಿನಲ್ಲಿ ಯಾವ ಸೆನ್ಸರ್‌ಗಳಿವೆ ಅಂತಲೂ ನೋಡಿಕೊಳ್ಳಿ. ಮೈಕ್ ಮತ್ತು ವೇಗೋತ್ಕರ್ಷ ಅಳೆಯುವ ಸೆನ್ಸರ್ ಹೆಚ್ಚು ಕಡಿಮೆ ಎಲ್ಲ ಸ್ಮಾರ್ಟ್‌ಫೋನಿನಲ್ಲೂ ಇರುತ್ತವೆ. ಕಾಂತಕ್ಷೇತ್ರ ಅಳೆಯುವ ಸೆನ್ಸರ್ ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಇರುವುದಿಲ್ಲ. ಮುಂದೆ ಹೇಳುವ ಫೈಫಾಕ್ಸ್ ಆ್ಯಪ್ ತೆರೆದರೆ ನಿಮ್ಮ ಫೋನಿನಲ್ಲಿ ಇಲ್ಲದ ಸೆನ್ಸರಿನ ಪ್ರಯೋಗಗಳು ಮಸುಕಾಗಿ ಕಾಣುತ್ತವೆ. ಅಲ್ಲೇ ಗೊತ್ತಾಗಿಬಿಡುತ್ತದೆ.

ಬೇಕಾದದ್ದನ್ನು ಮನೆಯಲ್ಲೇ ಇಳಿಸಿಕೊಳ್ಳಿ

ತರಗತಿಯಲ್ಲಿ ನಿಂತು ನೆಟ್‌ವರ್ಕ್ ಹುಡುಕುವ ಪರಿಸ್ಥಿತಿ ಬರಲೇಬಾರದು. ಮಲೆನಾಡಿನ ಶಾಲೆಗಳವರಿಗೆ ಇದನ್ನು ಹೇಳುವುದೇ ಬೇಡ.

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ತಾಣದಿಂದ ಶುರು ಮಾಡಿ. ಇಂಗ್ಲಿಷಿನಲ್ಲಿ ಪಿ, ಎಚ್, ಇ, ಟಿ ಎಂಬ ನಾಲ್ಕು ಅಕ್ಷರ ಹಾಕಿ ಹುಡುಕಿದರೆ ಮೊದಲಿಗೇ ಸಿಗುತ್ತದೆ. ಭೌತವಿಜ್ಞಾನಿ ಕಾರ್ಲ್ ವೈಮನ್ ನೊಬೆಲ್ ಪಡೆದ ಮರುವರ್ಷ, 2002ರಲ್ಲಿ ಇದನ್ನು ಶುರು ಮಾಡಿದರು. ಭೌತ, ರಸಾಯನ, ಜೀವ, ಗಣಿತ ಎಲ್ಲಕ್ಕೂ ಇಲ್ಲಿ ಸಿಮ್ಯುಲೇಶನ್‌ಗಳಿವೆ. ಹಲವು ಕನ್ನಡಕ್ಕೂ ಬಂದಿವೆ. ಒಂದೊಂದು ಸಿಮ್ಯುಲೇಶನ್ನಿನ ಪುಟದಲ್ಲಿಯೂ ಅನುವಾದಗಳ ಪಟ್ಟಿ ಇರುತ್ತದೆ, ಅದರಲ್ಲಿ ಕನ್ನಡ ಇದೆಯೇ ನೋಡಿ. ಇಲ್ಲದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಬಹಳಷ್ಟು ಸಿಮ್ಯುಲೇಶನ್‌ಗಳಲ್ಲಿ ಮಾತು ಕಡಿಮೆ, ಚಿತ್ರವೇ ಜಾಸ್ತಿ.

ಡೌನ್‌ಲೋಡ್ ಗುರುತು ಒತ್ತಿದರೆ ಇಡೀ ಸಿಮ್ಯುಲೇಶನ್ ಒಂದೇ ಎಚ್‌ಟಿಎಂಎಲ್ ಫೈಲಾಗಿ ಇಳಿಯುತ್ತದೆ. ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ, ಶಾಲೆಯ ಕಂಪ್ಯೂಟರಿನ ಕ್ರೋಮ್ ಅಥವಾ ಫೈರ್‌ಫಾಕ್ಸಿನಲ್ಲಿ ತೆರೆದರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ಜಾವಾದಲ್ಲಿ ಮಾಡಿದ ಹಳೆಯವನ್ನು ಬಿಟ್ಟುಬಿಡಿ, ಅವುಗಳ ಹಿಂದೆ ಬಿದ್ದರೆ ಅರ್ಧ ದಿನ ಹಾಳು.

ದೀಕ್ಷಾ ಆ್ಯಪ್ ನಿಮ್ಮೆಲ್ಲರ ಫೋನಿನಲ್ಲೂ ಇದ್ದೇ ಇರುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸೇರಿದ ವಿಡಿಯೋ, ಪ್ರಶ್ನೆಗಳು ಬರುತ್ತವೆ. ಅವನ್ನೂ ಮೊದಲೇ ಇಳಿಸಿಟ್ಟುಕೊಳ್ಳಬಹುದು. ಗುಣಮಟ್ಟ ಒಂದೇ ಥರ ಇಲ್ಲ ಅನ್ನುವುದು ಬಳಸಿದವರಿಗೆ ಗೊತ್ತು. ಪೂರ್ತಿ ನೋಡದೆ ಯಾವುದನ್ನೂ ತರಗತಿಯಲ್ಲಿ ಹಾಕಬೇಡಿ.

ವಿದ್ಯುತ್ ಪಾಠ: ಒತ್ತುವ ಮೊದಲು ಊಹೆ

ಈಗ ಒಂದು ಪಾಠವನ್ನು ಪೂರ್ತಿ ನೋಡೋಣ. ಹತ್ತನೇ ತರಗತಿಯ ವಿದ್ಯುತ್ ಪಾಠ, ಸರಣಿ ಜೋಡಣೆ. ಫೆಟ್‌ನಲ್ಲಿ ಇದಕ್ಕೆ ಡಿಸಿ ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಶನ್ ಇದೆ.

ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂತಿರುವ ಒಂದು ನಂಬಿಕೆ ಏನೆಂದರೆ, ಬ್ಯಾಟರಿಯಿಂದ ಹೊರಟ ಕರೆಂಟನ್ನು ಮೊದಲನೇ ಬಲ್ಬು ಒಂದಿಷ್ಟು ತಿಂದುಹಾಕುತ್ತದೆ, ಎರಡನೆಯದಕ್ಕೆ ಉಳಿದದ್ದು ಸಿಗುತ್ತದೆ. ಪರೀಕ್ಷೆಯಲ್ಲಿ "ಸರಣಿ ಜೋಡಣೆಯಲ್ಲಿ ವಿದ್ಯುತ್ ಪ್ರವಾಹ ಎಲ್ಲೆಡೆ ಸಮ" ಎಂದು ಬರೆದು ಅಂಕ ತೆಗೆದುಕೊಂಡ ಮಕ್ಕಳೂ ಒಳಗೊಳಗೇ ಇದನ್ನೇ ನಂಬಿರುತ್ತಾರೆ.

ಹೀಗೆ ಮಾಡಿ. ಮೊದಲು ಟಿವಿ ಆನ್ ಮಾಡಬೇಡಿ. ನಿಜವಾದ ಎರಡು ಸೆಲ್, ಒಂದೇ ಥರದ ಎರಡು ಟಾರ್ಚ್ ಬಲ್ಬು, ತಂತಿ. ಒಂದು ಬಲ್ಬು ಹಚ್ಚಿ ತೋರಿಸಿ. ಎರಡನೆಯದನ್ನು ಸರಣಿಯಲ್ಲಿ ಸೇರಿಸಿ. ಎರಡೂ ಮಂಕಾಗುತ್ತವೆ. ಬ್ಯಾಟರಿಗೆ ಹತ್ತಿರ ಇರುವುದೇ ಜಾಸ್ತಿ ಉರಿಯುತ್ತಿದೆ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಬಲ್ಬುಗಳ ಜಾಗ ಅದಲು ಬದಲು ಮಾಡಲು ಆ ಹುಡುಗನನ್ನೇ ಕರೆಯಿರಿ.

ಆಮೇಲೆ ಬೋರ್ಡಿನ ಮೇಲೆ ಸರ್ಕ್ಯೂಟಿನ ಚಿತ್ರ ಬರೆದು ಮೂರು ಜಾಗ ಗುರುತು ಮಾಡಿ: ಮೊದಲ ಬಲ್ಬಿಗೆ ಮುಂಚೆ, ಎರಡರ ನಡುವೆ, ಎರಡನೆಯದರ ಆಚೆ. ಎಲ್ಲಿ ಕರೆಂಟ್ ಜಾಸ್ತಿ? ಕೈ ಎತ್ತಿಸಿ, ಎಣಿಸಿ, ಸಂಖ್ಯೆಯನ್ನು ಚಿತ್ರದ ಪಕ್ಕದಲ್ಲೇ ಬರೆಯಿರಿ. ಈ ಎರಡು ನಿಮಿಷ ಉಳಿಸಲು ಹೋಗಬೇಡಿ. ಊಹೆ ಹೇಳಿದ ಮಗುವಿಗೆ ಉತ್ತರ ಏನು ಬರುತ್ತದೋ ಎಂಬ ಕುತೂಹಲ ಇರುತ್ತದೆ. ಊಹೆ ಹೇಳದ ಮಗುವಿಗೆ ಅದು ಸುಮ್ನೆ ಇನ್ನೊಂದು ವಿಡಿಯೋ.

ಈಗ ಸಿಮ್ಯುಲೇಶನ್ ತೆರೆಯಿರಿ. ಅದರಲ್ಲಿ ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ 10 ಓಮ್ ಎಂದು ಮೊದಲೇ ಇಟ್ಟಿರುತ್ತಾರೆ. ಒಂದು ಬಲ್ಬು ಜೋಡಿಸಿ ಅಮ್ಮೀಟರಿನ ವೃತ್ತವನ್ನು ತಂತಿಯ ಮೇಲೆ ಎಳೆದು ತನ್ನಿ. 0.90 ಆಂಪಿಯರ್. ಎರಡನೇ ಬಲ್ಬನ್ನು ಸರಣಿಯಲ್ಲಿ ಸೇರಿಸುವ ಮುಂಚೆ ಮಕ್ಕಳ ಕೈಯಲ್ಲೇ ಲೆಕ್ಕ ಹಾಕಿಸಿ. ಆಮೇಲೆ ಸೇರಿಸಿ. 0.45. ಈಗ ಅಮ್ಮೀಟರನ್ನು ಬೋರ್ಡಿನಲ್ಲಿ ಗುರುತು ಮಾಡಿದ ಮೂರೂ ಜಾಗಕ್ಕೆ ಒಯ್ಯಿರಿ. ಮೂರೂ ಕಡೆ 0.45.

ಇಲ್ಲಿ ಸಾಮಾನ್ಯವಾಗಿ ಒಂದು ಪ್ರಶ್ನೆ ಬರುತ್ತದೆ: "ಹಾಗಾದ್ರೆ ಬಲ್ಬಲ್ಲಿ ಖರ್ಚಾಗೋದು ಏನು ಸರ್?" ಬರಲಿಲ್ಲವೆಂದರೆ ನೀವೇ ಕೇಳಿ. ವೋಲ್ಟ್‌ಮೀಟರ್ ಎಳೆದು ಒಂದೊಂದು ಬಲ್ಬಿನ ಎರಡು ತುದಿಗೆ ಇಟ್ಟರೆ 4.5 ವೋಲ್ಟ್ ತೋರಿಸುತ್ತದೆ. ವಿಭವಾಂತರ, ಶಕ್ತಿ, ಸಾಮರ್ಥ್ಯದ ಮಾತನ್ನು ಅಲ್ಲಿಂದ ಎತ್ತಿಕೊಳ್ಳಿ.

ಸಮಾಂತರ ಜೋಡಣೆಯನ್ನು ಇದೇ ಕ್ರಮದಲ್ಲಿ ಮಾಡಬಹುದು. ಎರಡೂ ಬಲ್ಬಿನಲ್ಲಿ 0.90, ಬ್ಯಾಟರಿಯ ಬಳಿ 1.80. ಬಲ್ಬು ಹೆಚ್ಚಿಸುತ್ತಾ ಹೋಗಿ. ಮಧ್ಯೆ ಒಂದು ಫ್ಯೂಸ್ ಇಟ್ಟರೆ ಮನೆಯ ವೈರಿಂಗ್ ಪಾಠ ತಾನಾಗಿಯೇ ಬಂತು. ಬ್ಯಾಟರಿಯ ಎರಡು ತುದಿಗೂ ನೇರ ತಂತಿ ಜೋಡಿಸಿದರೆ ಪರದೆಯ ಮೇಲೆ ಬೆಂಕಿ ಹತ್ತುತ್ತದೆ. ಇದನ್ನು ಮಕ್ಕಳು ಇನ್ನೊಮ್ಮೆ, ಮತ್ತೊಮ್ಮೆ ಎಂದು ಕೇಳುತ್ತಾರೆ. ಒಂದೆರಡು ಸಲ ಮಾಡಲಿ ಬಿಡಿ. ಶಾರ್ಟ್ ಸರ್ಕ್ಯೂಟನ್ನು ಧೈರ್ಯವಾಗಿ ಮಾಡಿ ನೋಡಲು ಸಿಗುವ ಜಾಗ ಇದೊಂದೇ.

ಸಿಮ್ಯುಲೇಶನ್ ಎಲ್ಲಿ ನಿಜದ ಥರ ಇಲ್ಲ ಅನ್ನುವುದನ್ನೂ ಹೇಳಬೇಕು, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪರದೆಯಲ್ಲಿ ಅಮ್ಮೀಟರನ್ನು ತಂತಿಯ ಮೇಲೆ ತಂದಿಟ್ಟರೆ ಆಯಿತು. ಪ್ರಯೋಗಾಲಯದ ಅಮ್ಮೀಟರನ್ನು ಸರ್ಕ್ಯೂಟ್ ಬಿಚ್ಚಿ ಸರಣಿಯಲ್ಲೇ ಸೇರಿಸಬೇಕು. ಎರಡನೆಯದು, ನಿಜವಾದ ಟಾರ್ಚ್ ಬಲ್ಬಿನಲ್ಲಿ ಎರಡು ಸೇರಿಸಿದಾಗ ಕರೆಂಟ್ ಸರಿಯಾಗಿ ಅರ್ಧಕ್ಕೆ ಇಳಿಯುವುದಿಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಮಂಕಾಗಿ ಉರಿಯುವ ಬಲ್ಬಿನ ತಂತು ಅಷ್ಟು ಕಾಯುವುದಿಲ್ಲ, ಕಡಿಮೆ ಕಾದ ತಂತುವಿನ ರೋಧವೂ ಕಡಿಮೆ. ಶಾಲೆಯಲ್ಲಿ ಮಲ್ಟಿಮೀಟರ್ ಇದ್ದರೆ ಅಳೆದೇ ತೋರಿಸಿ. ಪರದೆಯ ಅಂಕಿಯೂ ಮೇಜಿನ ಮೇಲಿನ ಅಂಕಿಯೂ ಯಾಕೆ ಬೇರೆ ಎಂದು ಚರ್ಚೆ ಮಾಡುವುದಕ್ಕೆ ಇನ್ನೊಂದು ಪೀರಿಯಡ್ ಹೋದರೂ ನಷ್ಟವಿಲ್ಲ.

ಪಿಎಚ್ ಸಿಮ್ಯುಲೇಶನ್ನಿಗೂ ಇದೇ ವಿಧಾನ. ಅದರಲ್ಲಿ ಹಾಲು, ಕಾಫಿ, ಕಿತ್ತಳೆ ರಸ, ರಕ್ತ, ವಾಂತಿಯವರೆಗೂ ಇದೆ. ವಾಂತಿ ಕಂಡಾಗ ತರಗತಿ ನಗುತ್ತದೆ, ಅದಕ್ಕೂ ಒಂದು ನಿಮಿಷ ಇಟ್ಟುಕೊಳ್ಳಿ. ಪಿಎಚ್ 1 ಇರುವ ಬ್ಯಾಟರಿ ಆಮ್ಲವನ್ನು 0.1 ಲೀಟರಿಗೆ ಇಳಿಸಿ, ನೀರು ಸೇರಿಸಿ 1 ಲೀಟರ್ ಮಾಡಿ. ಪಿಎಚ್ ಹತ್ತಾಗುತ್ತದೆ ಎಂದು ಅರ್ಧ ತರಗತಿಯಾದರೂ ಹೇಳಬಹುದು. ಆಗುವುದು 2.

ಶಬ್ದದ ವೇಗ ಅಳೆಯುವ ಎರಡು ಮೊಬೈಲ್

ಮೊಬೈಲಿನೊಳಗಿನ ಸೆನ್ಸರ್‌ಗಳನ್ನು ಅಳತೆಗೆ ಬಳಸುವ ಆ್ಯಪ್‌ಗಳಲ್ಲಿ ನನಗೆ ಹಿಡಿಸಿದ್ದು ಫೈಫಾಕ್ಸ್. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯ ಮಾಡಿದ್ದು. ಪ್ಲೇಸ್ಟೋರಿನಲ್ಲಿ ಪಿ, ಎಚ್, ವೈ, ಪಿ, ಎಚ್, ಓ, ಎಕ್ಸ್ ಎಂದು ಟೈಪ್ ಮಾಡಬೇಕು. ಜಾಹೀರಾತು ಇಲ್ಲ. ಒಮ್ಮೆ ಇಳಿಸಿಕೊಂಡರೆ ಪ್ರಯೋಗಕ್ಕೆ ಇಂಟರ್ನೆಟ್ಟೂ ಬೇಡ.

ಒಂಬತ್ತನೇ ತರಗತಿಯ ಶಬ್ದದ ಪಾಠಕ್ಕೆ ಇದರಲ್ಲಿರುವ ಅಕೌಸ್ಟಿಕ್ ಸ್ಟಾಪ್‌ವಾಚ್ ಹೇಳಿ ಮಾಡಿಸಿದಂತಿದೆ. ಒಂದು ಸದ್ದಿಗೆ ಗಡಿಯಾರ ಶುರುವಾಗುತ್ತದೆ, ಮುಂದಿನ ಸದ್ದಿಗೆ ನಿಲ್ಲುತ್ತದೆ, ಅಷ್ಟೇ. ಇದಕ್ಕೆ ಎರಡು ಫೋನ್ ಬೇಕು. ನಿಮ್ಮದೊಂದು, ಪಕ್ಕದ ತರಗತಿಯ ಮೇಡಂ ಅವರದೊಂದು.

ಶಾಲೆಯ ಅಂಗಳದಲ್ಲಿ ಟೇಪಿನಿಂದ ಸರಿಯಾಗಿ 10 ಮೀಟರ್ ಅಳೆದು ಎರಡು ತುದಿಗೂ ಒಂದೊಂದು ಸ್ಟೂಲ್ ಇಡಿ. ಸ್ಟೂಲಿನ ಮೇಲೆ ಫೋನ್. ಪಕ್ಕದಲ್ಲಿ ಒಬ್ಬೊಬ್ಬ ವಿದ್ಯಾರ್ಥಿ, ಕೈಯಲ್ಲಿ ಎರಡೆರಡು ಮರದ ತುಂಡು. ಬಿಸಿಯೂಟದ ತಟ್ಟೆ ಬಾರಿಸಲು ಮಕ್ಕಳು ಮುಂದೆ ಬರುತ್ತಾರೆ, ಬೇಡ ಅನ್ನಿ. ತಟ್ಟೆಯ ದನಿ ಎಳೆಯುತ್ತದೆ, ಶುರುವಾದ ಗಡಿಯಾರ ಆ ಎಳೆತಕ್ಕೇ ನಿಂತುಬಿಡಬಹುದು. ಟಕ್ ಎಂದು ಮುಗಿಯುವ ಸದ್ದು ಬೇಕು.

ಆ್ಯಪಿನಲ್ಲಿ ಎಷ್ಟು ಜೋರಿನ ಸದ್ದಿಗೆ ಗಡಿಯಾರ ಓಡಬೇಕು ಅನ್ನುವ ಮಿತಿ ಇದೆ. ಅಂಗಳದ ಗುಸುಗುಸುಗೆ ಓಡಬಾರದು, ಹತ್ತು ಮೀಟರ್ ಆಚೆಯ ಟಕ್‌ಗೆ ಓಡಬೇಕು. ಎರಡು ಮೂರು ಸಲ ಏರಿಸಿ ಇಳಿಸಿ ಹೊಂದಿಸಿಕೊಳ್ಳಿ. ಎರಡೂ ಫೋನಿನಲ್ಲಿ ಪ್ಲೇ ಗುರುತು ಒತ್ತಿ, ಎಲ್ಲರಿಗೂ ಸುಮ್ಮನಿರಲು ಹೇಳಿ.

ಮೊದಲ ಫೋನಿನ ಬಳಿ ಇರುವವಳು ಒಮ್ಮೆ ಟಕ್ ಎನ್ನಿಸಲಿ. ಅವಳ ಫೋನ್ ಆ ಕ್ಷಣವೇ ಶುರು, ಆಚೆಯದು ಸದ್ದು ಹೋಗಿ ಮುಟ್ಟಿದ ಮೇಲೆ ಶುರು. ಎರಡು ಸೆಕೆಂಡ್ ಬಿಟ್ಟು ಆಚೆಯವನು ಟಕ್ ಎನ್ನಿಸಲಿ. ಅವನ ಫೋನ್ ಆಗಲೇ ನಿಲ್ಲುತ್ತದೆ, ಇವಳದು ಸದ್ದು ಬಂದ ಮೇಲೆ ನಿಲ್ಲುತ್ತದೆ. ಅಂದರೆ ಇವಳ ಫೋನು ಜಾಸ್ತಿ ಹೊತ್ತು ಓಡಿರುತ್ತದೆ, ಅವನದು ಕಡಿಮೆ. ಎರಡರ ವ್ಯತ್ಯಾಸ ಎಂದರೆ ಸದ್ದು ಹೋಗಿ ಬರುವ 20 ಮೀಟರಿಗೆ ಬೇಕಾದ ಸಮಯ.

ಉದಾಹರಣೆಗೆ ಒಂದರಲ್ಲಿ 2.315, ಇನ್ನೊಂದರಲ್ಲಿ 2.257 ಸೆಕೆಂಡ್ ಬಂತು ಎಂದುಕೊಳ್ಳಿ. ವ್ಯತ್ಯಾಸ 0.058. ಇಪ್ಪತ್ತನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 345 ಮೀಟರ್. ಪಠ್ಯಪುಸ್ತಕದ ಕೋಷ್ಟಕದಲ್ಲಿ 25 ಡಿಗ್ರಿ ಸೆಲ್ಸಿಯಸ್ ಗಾಳಿಗೆ ಕೊಟ್ಟಿರುವುದು 346. ಪುಸ್ತಕದ ಅಂಕಿ ತಮ್ಮ ಅಂಗಳದಲ್ಲೇ ಸಿಕ್ಕಿದರೆ ಮಕ್ಕಳಿಗೆ ಆಗುವ ಖುಷಿ ಬೇರೆಯೇ. ಅಷ್ಟು ಹತ್ತಿರ ಪ್ರತಿಸಲ ಬರುವುದಿಲ್ಲ ಅನ್ನುವುದೂ ತಿಳಿದಿರಲಿ. ಒಂದು ಮಿಲಿಸೆಕೆಂಡ್ ಆಚೀಚೆ ಆದರೆ ಉತ್ತರ ಆರು ಮೀಟರ್ ಜಾರುತ್ತದೆ. ಮರದ ತುಂಡನ್ನು ಫೋನಿನಿಂದ ಒಂದು ಮಾರು ದೂರ ಹಿಡಿದರೂ ಅಳತೆ ಕೆಡುತ್ತದೆ. ಹತ್ತು ಸಲ ಮಾಡಿಸಿ ಸರಾಸರಿ ತೆಗೆಸಿ. ಯಾಕೆ ಸರಾಸರಿ ಬೇಕು ಅನ್ನುವುದು ಆಗ ಹೇಳದೆಯೇ ಅರ್ಥವಾಗುತ್ತದೆ.

ಎರಡು ಫೋನಿನ ಗಡಿಯಾರಗಳನ್ನು ಹೊಂದಿಸುವ ಅಗತ್ಯ ಯಾಕೆ ಬರಲಿಲ್ಲ? ಈ ಪ್ರಶ್ನೆಯನ್ನು ಮನೆಗೆಲಸಕ್ಕೆ ಕೊಡಿ.

ಇದೇ ಆ್ಯಪಿನಲ್ಲಿ ಕಾಂತಕ್ಷೇತ್ರವನ್ನೂ ಅಳೆಯಬಹುದು, ಸೆನ್ಸರ್ ಇದ್ದರೆ. ಫೋನನ್ನು ಸುಮ್ನೆ ಮರದ ಮೇಜಿನ ಮೇಲೆ ಇಟ್ಟರೆ ನಮ್ಮ ಕಡೆ ಸುಮಾರು 40 ಮೈಕ್ರೊಟೆಸ್ಲಾ ತೋರಿಸುತ್ತದೆ, ಅದು ಭೂಮಿಯದು. ಕಬ್ಬಿಣದ ಬೆಂಚಿನ ಮೇಲಿಟ್ಟರೆ ಲೆಕ್ಕ ತಪ್ಪುತ್ತದೆ. ಸೆಲ್, ಟಾರ್ಚ್ ಬಲ್ಬು ಸೇರಿಸಿದ ತಂತಿಯನ್ನು ಸೆನ್ಸರಿನ ಮೇಲೆ ಹಾಯಿಸಿ. 0.3 ಆಂಪಿಯರ್ ಹರಿಯುವ ತಂತಿ ಒಂದು ಸೆಂಟಿಮೀಟರ್ ದೂರದಲ್ಲಿ 6 ಮೈಕ್ರೊಟೆಸ್ಲಾ ಉಂಟುಮಾಡುತ್ತದೆ. ಗ್ರಾಫಿನಲ್ಲಿ ಅಷ್ಟು ಕುಣಿತ ಕಾಣುತ್ತದೆ. ಸೆಲ್ ತಿರುಗಿಸಿ ಹಾಕಿದರೆ ಗೆರೆ ಇನ್ನೊಂದು ಕಡೆಗೆ ಹೋಗುತ್ತದೆ. 1820ರಲ್ಲಿ ಅರ್ಸ್ಟೆಡ್ ದಿಕ್ಸೂಚಿಯಲ್ಲಿ ಕಂಡದ್ದೇ ಇದು. ಬಲವಾದ ಆಯಸ್ಕಾಂತವನ್ನು ಮಾತ್ರ ಫೋನಿಗೆ ಅಂಟಿಸಬೇಡಿ.

ಗ್ರಾಫನ್ನು ಇಡೀ ತರಗತಿಗೆ ತೋರಿಸುವುದು ಸುಲಭ. ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಸೇರಿಸಿ, ಆ್ಯಪಿನ ಮೂರು ಚುಕ್ಕೆಯ ಮೆನುವಿನಲ್ಲಿ ರಿಮೋಟ್ ಆಕ್ಸೆಸ್ ಆನ್ ಮಾಡಿ. ಅದು ಕೊಡುವ ವಿಳಾಸವನ್ನು ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಟೈಪ್ ಮಾಡಿದರೆ ಗ್ರಾಫ್ ಟಿವಿಯ ಮೇಲೆ ಬರುತ್ತದೆ.

ಕ್ಯಾಮೆರಾ ಒಂದೇ ಸಾಕು

ಯಾವ ಆ್ಯಪೂ ಬೇಡವೆಂದರೆ ಫೋನಿನ ಕ್ಯಾಮೆರಾ ಸಾಲದೇ? ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಐದೈದು ಸೆಂಟಿಮೀಟರಿಗೆ ಗೆರೆ ಎಳೆಯಿರಿ. ಅದರ ಮುಂದೆ ಒಂದು ಚೆಂಡು ಬಿಡಿ, ಸಾಮಾನ್ಯ ವಿಡಿಯೋ ತೆಗೆಯಿರಿ. ಹೆಚ್ಚಿನ ಫೋನುಗಳು ಸೆಕೆಂಡಿಗೆ 30 ಚಿತ್ರ ಹಿಡಿಯುತ್ತವೆ, ಅಂದರೆ ಮೂರು ಚಿತ್ರಕ್ಕೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದು ಕೀಬೋರ್ಡಿನ ಇ ಅಕ್ಷರ ಒತ್ತಿದರೆ ಒಂದೊಂದೇ ಚಿತ್ರ ಮುಂದೆ ಹೋಗುತ್ತದೆ. ಬಿಟ್ಟ ಕ್ಷಣದಿಂದ ಮೂರು ಮೂರು ಚಿತ್ರಕ್ಕೆ ಚೆಂಡು ಎಲ್ಲಿದೆ ಬರೆದುಕೊಳ್ಳಲಿ: ಸುಮಾರು 5, 20, 44, 78 ಸೆಂಟಿಮೀಟರ್. ಸಮ ಕಾಲದಲ್ಲಿ ದೂರ ಹೆಚ್ಚುತ್ತಾ ಹೋಗುವುದು ಗೋಡೆಯ ಮೇಲೇ ಕಾಣುತ್ತದೆ. ಇದನ್ನು ಬಿಸಿಲಿನಲ್ಲಿ ಮಾಡಿ. ಮಬ್ಬು ಬೆಳಕಿನಲ್ಲಿ ಚೆಂಡು ಬರೀ ಎಳೆದ ಗೆರೆಯ ಥರ ಬರುತ್ತದೆ.

ಒದ್ದೆ ಹತ್ತಿಯ ಮೇಲೆ ಹೆಸರುಕಾಳು ಇಟ್ಟು, ಹಳೆಯ ಫೋನೊಂದನ್ನು ಚಾರ್ಜರಿಗೆ ಹಾಕಿ ಟೈಮ್‌ಲ್ಯಾಪ್ಸ್‌ನಲ್ಲಿ ರಾತ್ರಿಯಿಡೀ ಬಿಡಿ. ದೀಪ ಹಚ್ಚಿಯೇ ಇರಲಿ. ಮುಟ್ಟಿದರೆ ಮುನಿಯ ಎಲೆ ಮಡಚುವುದನ್ನು ಸ್ಲೋ ಮೋಷನ್ನಿನಲ್ಲಿ ಮಕ್ಕಳೇ ತೆಗೆಯಲಿ.

ಸೂಕ್ಷ್ಮದರ್ಶಕ ಒಂದೇ ಇದ್ದು ಮಕ್ಕಳು ಅರವತ್ತು ಜನ ಇದ್ದಾಗ ಕ್ಯಾಮೆರಾದ ಬೆಲೆ ಗೊತ್ತಾಗುತ್ತದೆ. ಈರುಳ್ಳಿ ಸಿಪ್ಪೆಯ ಸ್ಲೈಡ್ ಇಟ್ಟು, ಫೋಕಸ್ ಮಾಡಿ, ಫೋನಿನ ಕ್ಯಾಮೆರಾವನ್ನು ಕಣ್ಣಿಡುವ ಮಸೂರದ ಮೇಲೆ ನೇರ ಹಿಡಿಯಿರಿ. ಕೈ ನಡುಗುತ್ತದೆ, ಆದ್ದರಿಂದ ಫೋಟೋ ತೆಗೆದು ಟಿವಿಗೆ ಹಾಕುವುದು ವಾಸಿ. ಅದೇ ಮಸೂರದ ಕೆಳಗೆ ಪ್ಲಾಸ್ಟಿಕ್ ಸ್ಕೇಲಿನ ಮಿಲಿಮೀಟರ್ ಗೆರೆಗಳ ಫೋಟೋನೂ ತೆಗೆದರೆ ಒಂದು ಜೀವಕೋಶ ಎಷ್ಟು ಉದ್ದ ಎಂದು ಮಕ್ಕಳೇ ಲೆಕ್ಕ ಹಾಕಬಹುದು. ಹಾಗಂತ ಮಸೂರದಲ್ಲಿ ಕಣ್ಣಿಟ್ಟು ನೋಡುವ ಸರದಿಯನ್ನು ತಪ್ಪಿಸಬೇಡಿ. ಟಿವಿಯಲ್ಲಿ ಏನು ನೋಡಬೇಕೆಂದು ಗೊತ್ತಾದ ಮೇಲೆ ಸಾಲಿನಲ್ಲಿ ನಿಂತು ನೋಡುವುದು ಬೇಗ ಮುಗಿಯುತ್ತದೆ.

ಆಗಸ್ಟ್‌ನಲ್ಲಿ ಒಂದು ದಿನ ನೆರಳಿಲ್ಲ

ಸ್ಟೆಲ್ಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಊರು, ದಿನ, ಹೊತ್ತು ಕೊಟ್ಟರೆ ಆಗಿನ ಆಕಾಶ ತೋರಿಸುತ್ತದೆ. ಚಂದ್ರನ ಕಲೆ, ಗ್ರಹಣ ಎಲ್ಲಕ್ಕೂ ಬಳಸಬಹುದು. ನಾನು ಹೇಳಬೇಕೆಂದಿರುವುದು ಶೂನ್ಯ ನೆರಳಿನ ದಿನದ ಬಗ್ಗೆ. ಕರ್ನಾಟಕ ಪೂರ್ತಿಯಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಹಾಗಾಗಿ ಇಲ್ಲಿನ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ದಿನ ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಮೊದಲನೆಯದು ಬೇಸಿಗೆ ರಜೆಯಲ್ಲಿ ಹೋಗಿಬಿಡುತ್ತದೆ. ಎರಡನೆಯದು ಶಾಲೆ ನಡೆಯುವಾಗಲೇ ಬರುತ್ತದೆ: ಬೀದರಿನ ಕಡೆ ಆಗಸ್ಟ್ ಶುರುವಿನಲ್ಲಿ, ಬೆಂಗಳೂರಿನಲ್ಲಿ ಆಗಸ್ಟ್ 18ರ ಸುಮಾರಿಗೆ, ಚಾಮರಾಜನಗರಕ್ಕೆ ಇನ್ನೂ ಕೆಲವು ದಿನ ತಡವಾಗಿ.

ಹಿಂದಿನ ವಾರ ಸ್ಟೆಲ್ಲೇರಿಯಂನಲ್ಲಿ ನಿಮ್ಮ ಊರು ಹಾಕಿ, ಮಧ್ಯಾಹ್ನ ಹನ್ನೆರಡೂವರೆಯ ಆಚೀಚೆ ಸೂರ್ಯನ ಎತ್ತರ 90 ಡಿಗ್ರಿಗೆ ತೀರಾ ಹತ್ತಿರ ಬರುವ ದಿನ ಯಾವುದು ಎಂದು ಮಕ್ಕಳಿಂದಲೇ ಹುಡುಕಿಸಿ. ಆ ದಿನ ಒಂದು ಪೈಪಿನ ತುಂಡನ್ನು ನೆಟ್ಟಗೆ ನಿಲ್ಲಿಸಿ ಕಾಯಿರಿ. ಕರಾವಳಿ, ಮಲೆನಾಡಿನಲ್ಲಿ ಆಗ ಮೋಡವೇ ಮೋಡ, ಅವರ ಅದೃಷ್ಟ. ಬಯಲುಸೀಮೆಯವರು ಬಿಡಬಾರದು. ಉತ್ತರದ ಜಿಲ್ಲೆಯಲ್ಲಿ ಪರಿಚಯದ ಶಿಕ್ಷಕರಿದ್ದರೆ ಅದೇ ದಿನ ಅವರು ನೆರಳು ಅಳೆದು ಕಳಿಸಲಿ. ನೆರಳಿನ ಕೋನ ಮತ್ತು ಎರಡು ಊರಿನ ಉತ್ತರ ದಕ್ಷಿಣದ ದೂರ ಸೇರಿಸಿದರೆ ಭೂಮಿಯ ಸುತ್ತಳತೆಯ ಲೆಕ್ಕ ಸಿಗುತ್ತದೆ, ಹಿಂದೆ ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ ಮಾಡಿದ ಹಾಗೆ.

ಕನ್ನಡದಲ್ಲಿ ಏನೇನು ಸಿಗುತ್ತದೆ

ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ವಿಕಿ ತಾಣವನ್ನು ನಮ್ಮ ಶಿಕ್ಷಕರೇ ಸೇರಿ ತುಂಬಿದ್ದಾರೆ. ಪಾಠವಾರು ಪರಿಕಲ್ಪನಾ ನಕ್ಷೆ, ಚಟುವಟಿಕೆಗಳು ಕನ್ನಡದಲ್ಲೇ ಇವೆ. ಎಲ್ಲ ಪುಟವೂ ಒಂದೇ ಮಟ್ಟದಲ್ಲಿಲ್ಲ, ಆರಿಸಿಕೊಳ್ಳಬೇಕು. ಅರವಿಂದ ಗುಪ್ತಾ ಅವರ ಆಟಿಕೆಗಳ ತಾಣದಲ್ಲಿ ಕಸದಿಂದ ಮಾಡುವ ನೂರಾರು ವಿಜ್ಞಾನದ ಆಟಿಕೆಗಳಿವೆ. ಮಾತು ಅರ್ಥವಾಗದಿದ್ದರೂ ಕೈ ಏನು ಮಾಡುತ್ತಿದೆ ಎಂದು ನೋಡಿದರೆ ಸಾಕು, ಮಕ್ಕಳು ಮಾಡಿಬಿಡುತ್ತಾರೆ. ಓಲ್ಯಾಬ್ಸ್ ಎಂಬ ತಾಣವನ್ನು ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ಮಾಡಿವೆ. ಒಂಬತ್ತರಿಂದ ಹನ್ನೆರಡರವರೆಗಿನ ಪ್ರಯೋಗಗಳು ಅಲ್ಲಿವೆ, ಪ್ರಾಯೋಗಿಕ ಪರೀಕ್ಷೆಗೆ ಮುಂಚೆ ಪುನರಾವರ್ತನೆಗೆ ಒಳ್ಳೆಯದು.

ಈಗ ಚಾಟ್‌ಬಾಟ್‌ಗಳ ಕಾಲ. ಘಟಕ ಪರೀಕ್ಷೆಗೆ ಪ್ರಶ್ನೆ ತಯಾರಿಸಲು ಬಳಸಬಹುದು. ಆದರೆ ಕನ್ನಡದಲ್ಲಿ ಕೇಳಿದಾಗ ಪಠ್ಯದಲ್ಲಿಲ್ಲದ ಪದಗಳನ್ನು ತಾವೇ ಹುಟ್ಟಿಸಿಬಿಡುತ್ತವೆ, ಒಮ್ಮೊಮ್ಮೆ ತಪ್ಪು ಉತ್ತರವನ್ನೂ ಧೈರ್ಯವಾಗಿ ಹೇಳುತ್ತವೆ. ಪಾಠದ ಪಾರಿಭಾಷಿಕ ಪದಗಳ ಪಟ್ಟಿ ಕೊಟ್ಟು, ಇವುಗಳನ್ನೇ ಬಳಸಬೇಕು ಎಂದು ಹೇಳಿ. ಬಂದ ಪ್ರಶ್ನೆಗಳನ್ನು ನೀವೇ ಬಿಡಿಸಿ ನೋಡದೆ ಮಕ್ಕಳಿಗೆ ಕೊಡಬೇಡಿ.

ಎಲ್ಲರಿಗೂ ಅರ್ಥವಾಯಿತೇ?

"ಅರ್ಥ ಆಯ್ತಾ?" ಎಂದರೆ "ಆಯ್ತು ಸರ್" ಎಂದು ಹಾಡಿನ ಥರ ಉತ್ತರ ಬರುತ್ತದೆ. ಪ್ಲಿಕರ್ಸ್ ಎಂಬ ಆ್ಯಪ್ ಇದಕ್ಕೆ ಸರಿಯಾದ ಉಪಾಯ. ಪ್ರತಿ ಮಗುವಿಗೂ ಒಂದು ಮುದ್ರಿಸಿದ ಕಾರ್ಡು. ಕಾರ್ಡನ್ನು ಯಾವ ಬದಿ ಮೇಲೆ ಬರುವಂತೆ ಹಿಡಿಯುತ್ತಾರೋ ಅದೇ ಉತ್ತರ. ನೀವು ನಿಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಒಮ್ಮೆ ಹಾಯಿಸಿದರೆ ಯಾರು ಯಾವ ಉತ್ತರ ಕೊಟ್ಟರು ಎಂದು ದಾಖಲಾಗುತ್ತದೆ. ಪಕ್ಕದವರ ಕಾರ್ಡು ನೋಡಿ ನಕಲು ಮಾಡುವುದು ಕಷ್ಟ, ಒಬ್ಬೊಬ್ಬರ ಕಾರ್ಡಿನ ಚಿತ್ರ ಒಂದೊಂದು ಥರ. ಮಕ್ಕಳ ಕೈಯಲ್ಲಿ ಮೊಬೈಲ್ ಬೇಕಾಗಿಲ್ಲ ಅನ್ನುವುದೇ ಇದರ ದೊಡ್ಡ ಅನುಕೂಲ. ಕಾರ್ಡುಗಳನ್ನು ರಟ್ಟಿಗೆ ಅಂಟಿಸಿಡಿ. ಮಿನುಗುವ ಲ್ಯಾಮಿನೇಶನ್ ಬೇಡ, ಬೆಳಕು ಹೊಳೆದು ಕ್ಯಾಮೆರಾಗೆ ಓದಲಾಗುವುದಿಲ್ಲ.

ಇದರಲ್ಲಿ ಮಕ್ಕಳ ಪೂರ್ತಿ ಹೆಸರು ಹಾಕದೆ ಹಾಜರಿ ಸಂಖ್ಯೆ ಹಾಕಿದರೆ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎಂದಿದೆ. ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯಬೇಕಾದ ಆ್ಯಪ್‌ಗಳನ್ನು ಆದಷ್ಟು ದೂರ ಇಡಿ. ಪ್ರಯೋಗದ ಫೋಟೋವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಾಗ ಕೈಗಳು, ಉಪಕರಣ ಕಂಡರೆ ಸಾಕಲ್ವಾ? ಮುಖ ಬೇಕಾಗಿಲ್ಲ.

ಮುಂದಿನ ವರ್ಷಕ್ಕೆ

ಇಳಿಸಿಕೊಂಡದ್ದನ್ನೆಲ್ಲ ತರಗತಿವಾರು, ಪಾಠವಾರು ಫೋಲ್ಡರ್ ಮಾಡಿ ಇಡಿ. ಫೈಲಿನ ಹೆಸರು ಕನ್ನಡದಲ್ಲೇ ಇರಲಿ, "ಹತ್ತು_ವಿದ್ಯುತ್_ಸರಣಿ" ಎಂಬಂತೆ. ಪ್ರತಿ ಫೋಲ್ಡರಿನಲ್ಲೂ ಒಂದು ಪುಟದ ಟಿಪ್ಪಣಿ ಸೇರಿಸಿ: ಯಾವ ಪ್ರಶ್ನೆ ಕೇಳಿದಿರಿ, ಮಕ್ಕಳು ಏನು ಊಹೆ ಮಾಡಿದರು, ಎಷ್ಟು ಹೊತ್ತು ಹಿಡಿಯಿತು, ಯಾವ ಕೇಬಲ್ ಬೇಕಾಯಿತು. ಒಂದು ಪ್ರತಿ ನಿಮ್ಮ ಪೆನ್‌ಡ್ರೈವಿನಲ್ಲಿ, ಇನ್ನೊಂದು ಶಾಲೆಯ ಕಂಪ್ಯೂಟರಿನಲ್ಲಿ. ವರ್ಗಾವಣೆಯಾಗಿ ಹೋಗುವಾಗ ಎರಡನೆಯದನ್ನು ಅಲ್ಲೇ ಬಿಟ್ಟು, ಬರುವವರಿಗೆ ಅದು ಯಾವ ಡ್ರೈವಿನಲ್ಲಿದೆ ಎಂದು ತೋರಿಸಿ ಹೋಗಿ.